ಪಿಎಚ್ 7.40 ಇದ್ರೂ ಗ್ಯಾಪ್ ನೋಡ್ರಿ

ಡಾಕ್ಟ್ರೇ, ಬಾಗಲಕೋಟೆಯ ನಿಮ್ಮ ಪೇಶಂಟಿಗೆ ಶುಗರ್ ಐತಿ, ಎರಡು ದಿನದಿಂದ ವಾಂತಿ, ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.40, ಕಾರ್ಬನ್ ಡೈಆಕ್ಸೈಡ್ 40, ಬೈಕಾರ್ಬೊನೇಟ್ (ಆಮ್ಲ ತಣಿಸೋ ಕ್ಷಾರ) 24, 'ಎಬಿಜಿ (ರಕ್ತದ ಗ್ಯಾಸ್ ಪರೀಕ್ಷೆ) ನಾರ್ಮಲ್ ಅನ್ನಬಹುದಾ' ಅಂತ ಕೇಳೀರಿ. ದಯವಿಟ್ಟು ಅನ್ನಬ್ಯಾಡ್ರಿ. ನೀವೇ ಬರೆದ ಸೋಡಿಯಂ 140, ಕ್ಲೋರೈಡ್ 88 ಹಿಡಿದು ಲೆಕ್ಕ ಹಾಕ್ರಿ: 140ರಾಗ 88 ಮತ್ತು 24 ಕಳೆದ್ರ ಆನಯಾನ್ ಗ್ಯಾಪ್ (ಲೆಕ್ಕಕ್ಕ ಸಿಗದ ಆಮ್ಲ ರಕ್ತದಾಗ ಕೂಡೇತೇನು ಅಂತ ತೋರ್ಸೋ ಅಂತರ) 28. ಇರಬೇಕಾದ್ದು 12ರ ಆಸುಪಾಸು. ಆಮ್ಲ ಇಷ್ಟು ಕೂಡಿದ್ರ ಬೈಕಾರ್ಬೊನೇಟ್ ಸುಮಾರು 8ಕ್ಕ ಇಳೀಬೇಕಿತ್ತು. ಇಳಿದಿಲ್ಲ, ಯಾಕಂದ್ರ ವಾಂತಿಯೊಳಗ ಹೊಟ್ಟಿ ಆಮ್ಲ ಹೋಗಿ ಆಲ್ಕಲೋಸಿಸ್ (ರಕ್ತದಾಗ ಕ್ಷಾರ ಹೆಚ್ಚಾಗೋದು) ಅದನ್ನ ಮ್ಯಾಲೆ ಎತ್ತೇತಿ. ಎರಡು ತೊಂದರೆ ಒಂದನ್ನೊಂದು ಮುಚ್ಚಿಟ್ಟಾವ, ನನಗ ಹೆದರಿಕೆ ಅದ. ಅಲ್ಬುಮಿನ್ (ರಕ್ತದ ಪ್ರೋಟೀನ್) ಕಡಿಮೆ ಇದ್ರ ನಿಜವಾದ ಗ್ಯಾಪ್ ಈ ಲೆಕ್ಕಕ್ಕಿಂತ ಇನ್ನೂ ದೊಡ್ಡದು.

ಆ ಆಮ್ಲ ಎಲ್ಲಿಂದ ಬಂತು ಅಂತ ತಿಳಿಯಾಕ ಈಗಲೇ ಕೀಟೋನ್, ಲ್ಯಾಕ್ಟೇಟ್, ಕ್ರಿಯಾಟಿನಿನ್ ಕಳಸ್ರಿ. ಪೊಟ್ಯಾಶಿಯಂ ತಿಳಿಯದ ಇನ್ಸುಲಿನ್ ಶುರು ಮಾಡಬ್ಯಾಡ್ರಿ. ವಾಂತಿಯಿಂದ ಅದು ಮೊದಲೇ ಕಡಿಮೆ ಇರಬಹುದು, ಇನ್ಸುಲಿನ್ ಇನ್ನೂ ಇಳಿಸತೈತಿ.