ಗ್ಯಾಂಗ್‌ವೇ ಹತ್ತಿ ಬರುವವನ ಕಣ್ಣು

ತಮ್ಮಾ, ಬಾಗಲಕೋಟೆಯಿಂದ ಬರೆದ ನಿನ್ನ ಕಾಗದ ಓದಿದೆ. ಹಡಗಿನ ಕೆಲಸ ಬಿಟ್ಟು ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನ ಆಫೀಸಿಗೆ ಸುಪರಿಂಟೆಂಡೆಂಟ್ ಆಗಿ, ಅಂದರೆ ದಡದಿಂದ ಹಡಗುಗಳ ಉಸ್ತುವಾರಿ ನೋಡುವವನಾಗಿ ಬರುತ್ತೀಯ. ಎರಡು ಕೇಳಿದ್ದೀಯ: ಇಲ್ಲಿ ಬದುಕು ಹೇಗೆ, ಪಿಎಸ್‌ಸಿಯವರು, ಅಂದರೆ ಬಂದರಿಗೆ ಬಂದ ಹಡಗು ತಪಾಸಣೆ ಮಾಡುವ ಸರ್ಕಾರಿ ಇನ್‌ಸ್ಪೆಕ್ಟರುಗಳು, ಹಡಗು ಡಿಟೇನ್ ಮಾಡದಂತೆ (ತಡೆದು ನಿಲ್ಲಿಸದಂತೆ) ಏನು ಮಾಡಬೇಕು.

ಮೊದಲನೆಯದು ಬೇಗ ಮುಗಿಸುತ್ತೇನೆ. ಬಂದ ತಕ್ಷಣ ನಗರಸಭೆಯಲ್ಲಿ ಹೆಸರು ಬರೆಸು, ಬಿಎಸ್‌ಎನ್ ಅನ್ನುವ ಇಲ್ಲಿನ ಗುರುತಿನ ನಂಬರ್ ಇಲ್ಲದೆ ಸಂಬಳವೂ ತಡವಾಗುತ್ತದೆ. ಆರೋಗ್ಯ ವಿಮೆ ಕಡ್ಡಾಯ. ಸೈಕಲ್ ತಗೋ. ಜೋಳದ ಹಿಟ್ಟು ಸಿಗುತ್ತದೆ, ಆದರೆ ಕರೆಂಟ್ ಒಲೆ ಮೇಲೆ ರೊಟ್ಟಿ ಉಬ್ಬುವುದಿಲ್ಲ. ಗಾಳಿ ಮಾತ್ರ ನಮ್ಮ ಕಡೆಯವರಿಗೆ ರೂಢಿಯಾಗಲು ವರ್ಷ ಬೇಕು.

ಎರಡನೆಯದಕ್ಕೆ ಬರೋಣ. 1978ರಲ್ಲಿ ಅಮೊಕೊ ಕಾಡಿಜ್ ಎಂಬ ತೈಲದ ಹಡಗು ಫ್ರಾನ್ಸಿನ ತೀರದಲ್ಲಿ ಒಡೆಯಿತು. ಆ ಗಲಾಟೆಯಿಂದಲೇ 1982ರಲ್ಲಿ ಹಡಗು ತಪಾಸಣೆಯ ಪ್ಯಾರಿಸ್ ಒಪ್ಪಂದ ಬಂತು. ಬಾವುಟ ಯಾವ ದೇಶದ್ದಾದರೂ ಬಂದರಿನವರು ಹತ್ತಿ ನೋಡಬಹುದು. ಅಪಾಯ ಜಾಸ್ತಿ ಅಂತ ಗುರುತಿಸಿದ ಹಡಗನ್ನು ಐದಾರು ತಿಂಗಳಿಗೊಮ್ಮೆ ನೋಡುತ್ತಾರೆ, ಒಳ್ಳೆಯ ದಾಖಲೆ ಇದ್ದರೆ ಎರಡು ಮೂರು ವರ್ಷಕ್ಕೊಮ್ಮೆ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀಯಲ್ಲ? ಮಾರುವವನ ಮಾತಿಗೆ ಕಿವಿಗೊಡುವುದಿಲ್ಲ. ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಇನ್‌ಸ್ಪೆಕ್ಟರ್ ಹಾಗೇ. ಹಡಗು ಹತ್ತುವ ಗ್ಯಾಂಗ್‌ವೇ ಏಣಿಯ ಬಲೆ ಹರಿದಿದೆಯೇ, ಬೆಂಕಿ ಹರಡದಂತೆ ಮುಚ್ಚಿರಬೇಕಾದ ಬಾಗಿಲನ್ನು ಹಗ್ಗ ಕಟ್ಟಿ ತೆರೆದಿಟ್ಟಿದ್ದಾರೆಯೇ, ಕಾವಲಿನ ಹುಡುಗ ಐಡಿ ಕೇಳಿದನೇ? ಇಲ್ಲಿ ಅನುಮಾನ ಬಂದರೆ ಪೇಪರ್ ನೋಡಿ ಹೋಗುವವನು ಎಂಜಿನ್ ರೂಮಿಗೆ ಇಳಿಯುತ್ತಾನೆ.

ನಾನು ಥರ್ಡ್ ಎಂಜಿನಿಯರ್ ಆಗಿದ್ದಾಗ ಆದದ್ದು. ಹಡಗಿನ ಕರೆಂಟ್ ಹೋದರೆ ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ಕರೆಂಟ್ ಕೊಡಬೇಕು. ಬ್ಯಾಟರಿಯಿಂದ ಶುರು ಮಾಡಿ ತೋರಿಸಿದೆವು, ಸರಿಯಾಗಿ ಕೊಟ್ಟಿತು. ಇನ್‌ಸ್ಪೆಕ್ಟರ್ ನಕ್ಕು, 'ಎರಡನೇ ದಾರಿಯಿಂದ ಶುರು ಮಾಡಿ' ಅಂದ. ಹೈಡ್ರಾಲಿಕ್ ಪಂಪ್ ಹೊಡೆದೇ ಹೊಡೆದೆವು, ಪ್ರೆಷರ್ ಏರಲೇ ಇಲ್ಲ. ಎಣ್ಣೆ ಎಂದೋ ಸೋರಿ ಹೋಗಿತ್ತು. ಪ್ರತಿ ವಾರ 'ಟೆಸ್ಟ್ ಮಾಡಿದೆ, ಸರಿಯಿದೆ' ಅಂತ ಸುಮ್ನೆ ಬರೆದವನು ನಾನೇ. ಹಡಗು ಎರಡು ದಿನ ನಿಂತಿತು. ಚೀಫ್ ಎಂಜಿನಿಯರ್ ನನ್ನನ್ನು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಹಡಗಿಗೆ ಹೋದರೆ ನಾನು ಮೊದಲು ತೆರೆಯುವುದು ವಿಶ್ರಾಂತಿಯ ದಾಖಲೆ. ನಿಯಮ ಸರಳ: 24 ಗಂಟೆಯಲ್ಲಿ ಕನಿಷ್ಠ 10, ವಾರಕ್ಕೆ 77 ಗಂಟೆ. ಎಲ್ಲರೂ ಚೊಕ್ಕವಾಗಿ ತುಂಬಿರುತ್ತಾರೆ. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಲಾಗ್‌ಬುಕ್ ಇಟ್ಟು ಹೋಲಿಸುತ್ತಾನೆ. ಬೆಳಗಿನ ಜಾವ ಮೂರಕ್ಕೆ ಹಗ್ಗ ಕಟ್ಟಿದ ಬೋಸನ್ (ಡೆಕ್ ಕೆಲಸದವರ ಮುಖ್ಯಸ್ಥ) ಅದೇ ಮೂರಕ್ಕೆ ಕಾಗದದಲ್ಲಿ ಮಲಗಿರುತ್ತಾನೆ! ಒಂದು ಸುಳ್ಳು ಸಿಕ್ಕರೆ ಎಣ್ಣೆಯ ಲೆಕ್ಕ ಬರೆಯುವ ಆಯಿಲ್ ರೆಕಾರ್ಡ್ ಬುಕ್ ಸಮೇತ ಎಲ್ಲದರ ಮೇಲೂ ಅನುಮಾನ. ಹಡಗಿನ ತಳದಲ್ಲಿ ಸೇರುವ ಬಿಲ್ಜ್ ನೀರನ್ನು, ಅದರಲ್ಲಿನ ಎಣ್ಣೆ 15 ಪಿಪಿಎಂ (ಹತ್ತು ಲಕ್ಷಕ್ಕೆ 15 ಪಾಲು) ದಾಟದಂತೆ ಹೊರಗೆ ಬಿಟ್ಟೆವು ಅಂದರೂ ಆಮೇಲೆ ನಂಬುವವರಾರು? ಕ್ಯಾಪ್ಟನ್‌ಗೆ 'ಇರುವುದನ್ನೇ ಬರೆಯಿರಿ, ಜನ ಸಾಲದಿದ್ದರೆ ನನಗೆ ಹೇಳಿ' ಅನ್ನು. ಆಮೇಲೆ ಜನ ಕಳಿಸುವ ಹಣಕ್ಕೆ ಆಫೀಸಿನಲ್ಲಿ ಜಗಳವಾಡಬೇಕಾದವನು ನೀನೇ, ನೆನಪಿರಲಿ.

ದಾರಿಯಲ್ಲಿ ಏನಾದರೂ ಕೆಟ್ಟರೆ ಮುಚ್ಚಿಡಬೇಡ. ಬಂದರು ಮುಟ್ಟುವ ಮೊದಲೇ ಬಂದರಿಗೆ, ಬಾವುಟದ ದೇಶಕ್ಕೆ, ಹಡಗಿಗೆ ಪ್ರಮಾಣಪತ್ರ ಕೊಡುವ ಕ್ಲಾಸ್ ಸಂಸ್ಥೆಗೆ ತಿಳಿಸು. ಬಿಡಿಭಾಗ ಯಾವಾಗ ಬರುತ್ತದೆ ಅಂತಲೂ ಬರೆ. ತಾನೇ ಹೇಳಿಕೊಂಡವನನ್ನು ಅವರು ಬೇರೆ ರೀತಿ ನೋಡುತ್ತಾರೆ.

ಮೊದಲ ಹಡಗಿಗೆ ಹೋಗುವ ಹಿಂದಿನ ರಾತ್ರಿ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಬರುವಾಗ ಅವ್ವನ ಕೈಯ ಶೇಂಗಾ ಚಟ್ನಿ ಒಂದು ಡಬ್ಬಿ ತಾ.