ಶಿಬಿರದಲ್ಲಿ ಸಿಕ್ಕ ಹಗುರ ಮನೆಯಲ್ಲಿ ಉಳಿಯುತ್ತಿಲ್ಲ

ಪ್ರಶ್ನೆ: ನನಗೆ 41 ವರ್ಷ. ಕಳೆದ ತಿಂಗಳು ಏಳು ದಿನಗಳ ಆತ್ಮಾವಲೋಕನ ಶಿಬಿರಕ್ಕೆ ಹೋಗಿದ್ದೆ. ಅಲ್ಲೇ ವಾಸ, ಫೋನ್ ಇಲ್ಲ. ನಾಲ್ಕನೆಯ ದಿನ, ತೀರಿಕೊಂಡಿರುವ ಅಪ್ಪನಿಗೆ ಪತ್ರ ಬರೆಸಿದರು. ಚಿಕ್ಕಂದಿನಲ್ಲಿ ಅವರು ಬೆಲ್ಟಿನಿಂದ ಹೊಡೆಯುತ್ತಿದ್ದುದು, ಅಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದುದು ಎಲ್ಲ ಬರೆದೆ. ಗಂಟೆಗಟ್ಟಲೆ ಅತ್ತೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಗೆ ಬಂದು ಹತ್ತು ದಿನ ಹಾಗೇ ಇದ್ದೆ. ಆಮೇಲೊಂದು ಸಂಜೆ ಒಂಬತ್ತು ವರ್ಷದ ಮಗ ನೀರಿನ ಲೋಟ ಬೀಳಿಸಿದ್ದಕ್ಕೆ ಕಿರುಚಿಬಿಟ್ಟೆ. ಕೈ ಎತ್ತಲಿಲ್ಲ. ಆದರೂ ಅವನು ಎರಡೂ ಕೈ ತಲೆ ಮೇಲಿಟ್ಟುಕೊಂಡು ಮುದುಡಿ ನಿಂತ, ಥೇಟ್ ನಾನು ನಿಲ್ಲುತ್ತಿದ್ದ ಹಾಗೆ. ಅಂದಿನಿಂದ ನಿದ್ದೆ ಸರಿಯಿಲ್ಲ. ಶಿಬಿರದವರಿಗೆ ಹೇಳಿದರೆ, ‘ಒಳಗೆ ಇನ್ನೂ ಉಳಿದಿದೆ, ಎರಡನೇ ಹಂತಕ್ಕೆ ಬನ್ನಿ, ಈ ವಾರ ಹಣ ಕಟ್ಟಿದರೆ ರಿಯಾಯಿತಿ’ ಅಂದರು. ಹಿಂಜರಿದರೆ ‘ಅದೇ ನಿಮ್ಮ ಪ್ರತಿರೋಧ’ ಅನ್ನುತ್ತಾರೆ. 74 ವರ್ಷದ ಅಮ್ಮನ ಎದುರು ಕೂತು ಎಲ್ಲ ಹೇಳಿಬಿಡಿ ಎಂದೂ ಸಲಹೆ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಮಗ ಕೈಗಳನ್ನು ತಲೆ ಮೇಲಿಟ್ಟುಕೊಂಡ ಎಂಬ ಸಾಲಿನ ಹತ್ತಿರ ಬಂದಾಗ ನನಗೆ ಮುಂದೆ ಓದಲು ಆಗಲಿಲ್ಲ. ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ನೀವು ಅದನ್ನು ಸೋಲು ಎಂಬಂತೆ ಬರೆದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಹಿಂದೆಯೂ ನೀವು ಅವನ ಮೇಲೆ ಕೂಗಾಡಿದ್ದಿರಬಹುದು. ಆಗ ಕಣ್ಣಿಗೆ ಬಿದ್ದದ್ದು ಚೆಲ್ಲಿದ ನೀರು. ಈ ಸಲ ಮಗು ಕಂಡಿತು, ಅವನಲ್ಲಿ ನೀವೂ ಕಂಡಿರಿ. ಆ ಏಳು ದಿನ ದಂಡವಾಗಲಿಲ್ಲ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಆದರೆ ಅಲ್ಲಿಯ ಹಗುರ ಇಲ್ಲಿ ಏಕೆ ನಿಲ್ಲಲಿಲ್ಲ? ಅಲ್ಲಿ ನಿಮ್ಮನ್ನು ಯಾರೂ ‘ಅಮ್ಮಾ’ ಎಂದು ಕೂಗುತ್ತಿರಲಿಲ್ಲ. ಸಂಜೆಯ ದಣಿವು ಇರಲಿಲ್ಲ. ನೀವು ಅತ್ತರೆ ಸುತ್ತ ಕೂತವರು ತಾಳ್ಮೆಯಿಂದ ಕಾಯುತ್ತಿದ್ದರು. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಕೆಲವು ಪದಗಳನ್ನು ನೀರಿನಡಿಯಲ್ಲೂ ಕೆಲವನ್ನು ದಡದಲ್ಲೂ ಕಲಿಸಿ ಪರೀಕ್ಷಿಸಿದ್ದರು. ನೀರಿನಡಿ ಕಲಿತದ್ದು ನೀರಿನಡಿಯೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ಪದಗಳ ನೆನಪೇ ಹೀಗೆಂದರೆ, ಶಿಬಿರದ ಮೌನದಲ್ಲಿ ಕಲಿತ ತಾಳ್ಮೆ ಲೋಟ ಬಿದ್ದ ಸದ್ದಿಗೆ ತಾನಾಗಿ ಓಡಿ ಬರಬೇಕೆಂದು ಬಯಸುವುದು ನಿಮ್ಮ ಮೇಲೆ ನೀವೇ ಹೊರಿಸಿಕೊಳ್ಳುವ ಅನ್ಯಾಯ.

ಧ್ಯಾನಗುರು ಗೊಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರದಲ್ಲಿ ಇದಕ್ಕೊಂದು ಏರ್ಪಾಡಿದೆ, ನನಗೆ ಅದು ತುಂಬ ಮೆಚ್ಚುಗೆ. ಒಂಬತ್ತು ದಿನ ಪಾಲಿಸಿದ ಮೌನವನ್ನು ಹೊರಡುವ ದಿನ ಮುರಿಯುವುದಿಲ್ಲ, ಹತ್ತನೆಯ ದಿನವೇ ಮುರಿಸುತ್ತಾರೆ. ಒಂದು ದಿನವಾದರೂ ಮಾತಿಗೆ, ಗದ್ದಲಕ್ಕೆ ಒಗ್ಗಿಕೊಂಡು ಮನೆಗೆ ಹೋಗಲಿ ಎಂದು. ಹೋದ ಮೇಲೂ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಎನ್ನುತ್ತಾರೆ. ಹತ್ತು ದಿನದಲ್ಲಿ ಎಲ್ಲ ಮುಗಿಯಿತು ಎಂದು ಅವರೂ ಹೇಳುವುದಿಲ್ಲ. ನಿಮ್ಮನ್ನು ಏಳನೆಯ ದಿನ ಸಂಜೆ ಫೋನ್ ಕೈಗಿತ್ತು ಕಳಿಸಿಬಿಟ್ಟರು ಅಂತ ಕಾಣುತ್ತದೆ.

ಎರಡನೇ ಹಂತಕ್ಕೆ ಈಗ ಹೋಗಬೇಡಿ. ಇದನ್ನು ಸುತ್ತಿ ಬಳಸಿ ಹೇಳಲಾರೆ. ನಿದ್ದೆ ಕೆಟ್ಟಿರುವಾಗ ಗಾಯವನ್ನು ಮತ್ತೆ ಕೆದಕಬಾರದು. ‘ಈ ವಾರ ಕಟ್ಟಿದರೆ ರಿಯಾಯಿತಿ’ ಎನ್ನುವುದು ಗುಣಪಡಿಸುವವರು ಆಡುವ ಮಾತಲ್ಲ. ಬೇಡ ಅಂದರೆ ಅದೇ ನಿಮ್ಮ ಪ್ರತಿರೋಧ ಎನ್ನುವ ಮಾತು ಇನ್ನೂ ಕೆಟ್ಟದ್ದು, ಏಕೆಂದರೆ ಅಲ್ಲಿಗೆ ‘ಇಲ್ಲ’ ಎನ್ನುವ ನಿಮ್ಮ ಹಕ್ಕೇ ಹೋಯಿತು. ಬೆಲ್ಟಿನ ಮುಂದೆ ನಿಂತ ಮಗುವಿಗೂ ಆ ಹಕ್ಕು ಇರಲಿಲ್ಲ.

ಭಾವನೆಗಳನ್ನು ಗುಂಪಿನ ನಡುವೆ ಬಿಚ್ಚಿಸುವ ಕೂಟಗಳ ಬಗ್ಗೆ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನಿಟ್ಟುಕೊಂಡು ಲೀಬರ್ಮನ್, ಯಾಲಮ್ ಮತ್ತು ಮೈಲ್ಸ್ ನಡೆಸಿದ ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಹಲವರಿಗೆ ಒಳ್ಳೆಯದಾಗಿತ್ತು, ಕೆಲವರಿಗೆ ನಿಜವಾಗಿ ಪೆಟ್ಟಾಗಿತ್ತು. ಮೇಲೆ ಬಿದ್ದು ಒತ್ತಾಯಿಸುವ ಮುಂದಾಳುಗಳ ಗುಂಪಿನಲ್ಲಿ ಪೆಟ್ಟು ಹೆಚ್ಚು. ಯಾರಿಗೆ ಪೆಟ್ಟಾಗಿದೆ ಎಂಬುದು ಜೊತೆಯಲ್ಲಿ ಕೂತವರಿಗೆ ತಿಳಿದಷ್ಟು ಮುಂದಾಳುಗಳಿಗೆ ತಿಳಿದಿರಲಿಲ್ಲ. ಆದ್ದರಿಂದ ನಿಮ್ಮ ಸ್ಥಿತಿ ಹೇಗಿದೆ ಎಂದು ಶಿಬಿರದ ಮಾರ್ಗದರ್ಶಕರನ್ನು ಕೇಳುವುದಕ್ಕಿಂತ ನಿಮ್ಮ ಜೊತೆ ಬದುಕುವವರನ್ನು ಕೇಳಿ.

ನಿದ್ದೆಯ ತೊಂದರೆ ಎರಡು ವಾರ ದಾಟಿದ್ದರೆ, ಹಳೆಯ ದೃಶ್ಯಗಳು ಬೇಡವೆಂದರೂ ನುಗ್ಗುತ್ತಿದ್ದರೆ, ಸಾಯಬೇಕು ಎನಿಸಿದರಂತೂ ಅಂದೇ, ಮನೋವೈದ್ಯರನ್ನು ನೋಡಿ. ಇಲ್ಲದಿದ್ದರೂ, ಬಾಲ್ಯದ ಹಿಂಸೆಯನ್ನು ಬಲ್ಲ ಒಬ್ಬ ಆಪ್ತ ಸಮಾಲೋಚಕರ ಹತ್ತಿರ ವಾರಕ್ಕೊಂದು ಗಂಟೆ ಕೂರುವುದು ನಿಮಗೆ ಹೆಚ್ಚು ಒಗ್ಗುತ್ತದೆ ಎಂದು ನನ್ನ ನಂಬಿಕೆ. ಅಲ್ಲಿ ಬಿಚ್ಚಿದ ಗಂಟನ್ನು ಮುಂದಿನ ವಾರ ಅದೇ ಮನುಷ್ಯರ ಮುಂದೆ ಇಡಬಹುದು.

ಇನ್ನು ಅಮ್ಮ. ಅವರನ್ನು ಕ್ಷಮಿಸಿಬಿಡಿ ಎಂದು ನಾನು ಹೇಳುವುದಿಲ್ಲ, ಅದು ನನ್ನ ಬಾಯಲ್ಲಿ ಬರಬಾರದ ಮಾತು. ಬಾಗಿಲಲ್ಲಿ ಸುಮ್ಮನೆ ನಿಂತವರ ಮೇಲಿನ ಕೋಪ ಎಷ್ಟೋ ಸಲ ಹೊಡೆದವರ ಮೇಲಿನದಕ್ಕಿಂತ ಆಳವಾಗಿರುತ್ತದೆ. ಆದರೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರು ‘ಹಾಗೇನೂ ಆಗಿರಲಿಲ್ಲ ಬಿಡು’ ಎಂದುಬಿಟ್ಟರೆ ಆ ರಾತ್ರಿಯನ್ನು ನಾನು ಹೇಗೆ ಕಳೆಯುತ್ತೇನೆ? ಉತ್ತರ ಹೊಳೆಯದಿದ್ದರೆ ಇನ್ನೂ ಸಮಯ ಬಂದಿಲ್ಲ. ಅಲ್ಲಿಯವರೆಗೆ ಅವರಿಗೂ ಒಂದು ಪತ್ರ ಬರೆಯಿರಿ, ಕೊಡಬೇಡಿ. 1986ರಲ್ಲಿ ಪೆನ್‌ಬೇಕರ್ ಮತ್ತು ಬೀಲ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಇಂಥದ್ದೇ ನೋವುಗಳನ್ನು ಬರೆಸಿದ್ದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಿತ್ತು, ಒಳ್ಳೆಯದು ಕಂಡದ್ದು ತಿಂಗಳುಗಳ ನಂತರ. ಹಾಗಾಗಿ ಬರೆದ ರಾತ್ರಿ ಅಳು ಬಂದರೆ ಗಾಬರಿಯಾಗಬೇಡಿ. ಎದ್ದು ನಿಲ್ಲಲಾರದಷ್ಟು ಭಾರವಾದರೆ ಬರೆಯುವುದನ್ನೇ ನಿಲ್ಲಿಸಿ, ಸಮಾಲೋಚಕರ ಎದುರು ಮುಂದುವರಿಸಿ.

ಮಗನ ವಿಷಯ ಮಾತ್ರ ನಾಳೆಗೆ ಬೇಡ. ಕಿರುಚುವ ಮುಂಚೆ ನಿಮ್ಮ ಮೈಯಲ್ಲಿ ಮೊದಲು ಏನಾಗುತ್ತದೆ ನೋಡಿ. ಹಲ್ಲು ಬಿಗಿಯುತ್ತದೆಯೋ, ಕಿವಿ ಬಿಸಿಯಾಗುತ್ತದೆಯೋ? ಅದು ಗೊತ್ತಾದ ಕ್ಷಣ ‘ಒಂದು ನಿಮಿಷ ಬಂದೆ’ ಎಂದು ಹೇಳಿ ಪಕ್ಕದ ಕೋಣೆಗೆ ಹೋಗಿ. ತಪ್ಪುತ್ತದೆ, ಮತ್ತೆ ಮಾಡಿ. ಇವತ್ತು ಸಂಜೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂರಿ, ನಿಮ್ಮ ಮುಖ ಅವನ ಮುಖದ ಎತ್ತರಕ್ಕೆ ಬರಲಿ. ‘ಆವತ್ತು ನಾನು ಕಿರುಚಿದ್ದು ತಪ್ಪು. ನೀರು ಚೆಲ್ಲಿದ್ದು ದೊಡ್ಡದಲ್ಲ. ನಿನಗೆ ಹೆದರಿಕೆಯಾಯಿತು, ನಾನು ನೋಡಿದೆ’ ಅನ್ನಿ. ಅಜ್ಜನ ಕಥೆ ಬೇಡ, ನಿಮ್ಮ ಕಣ್ಣೀರನ್ನು ಅವನು ಒರೆಸುವಂತಾಗುವುದೂ ಬೇಡ. ಅವನು ‘ಹೂಂ’ ಅಂದು ಆಡಲು ಓಡಿಹೋಗಬಹುದು. ಓಡಲಿ.