ಬಂಡೆಗೆ ಅಳೆಯಬೇಕೋ, ಆಕಾಶಕ್ಕೋ?

ಪ್ರಶ್ನೆ: ಚಿತ್ರದುರ್ಗದ ಕೋಟೆಯಲ್ಲಿ ಫೋಟೊ ತೆಗೆದಾಗಲೆಲ್ಲ ಆಕಾಶ ಚೆನ್ನಾಗಿ ಬಂದರೆ ಬಂಡೆಗಳು ಕಪ್ಪಾಗುತ್ತವೆ. ಕ್ಯಾಮೆರಾದಲ್ಲಿರುವ ಮೂರು ಮೀಟರಿಂಗ್ (ಬೆಳಕು ಅಳೆಯುವ) ವಿಧಾನಗಳಲ್ಲಿ ಯಾವುದನ್ನು ಆರಿಸಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕ್ಯಾಮೆರಾದ ಮೀಟರು ತಾನು ನೋಡಿದ್ದೆಲ್ಲವನ್ನೂ, ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಪ್ರತಿಫಲಿಸುವ ನಡುಬೂದು ಬಣ್ಣವೆಂದೇ ಭಾವಿಸಿ ಲೆಕ್ಕ ಹಾಕುವುದರಿಂದ, ಚೌಕಟ್ಟಿನ ಬಹುಭಾಗವನ್ನು ಬೆಳ್ಳನೆಯ ಆಕಾಶ ಆವರಿಸಿದಾಗ ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಬೆಳಕು ಸಮನಾಗಿ ಹರಡಿದ ದೃಶ್ಯಕ್ಕೆ ಇಡೀ ಚೌಕಟ್ಟನ್ನು ಅಳೆಯುವ ಮ್ಯಾಟ್ರಿಕ್ಸ್ ವಿಧಾನವೇ ಸಾಕು. ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ಒತ್ತು ಕೊಡುವ ಸೆಂಟರ್ ವೇಟೆಡ್ ವಿಧಾನ ನಡುವೆ ನಿಂತವರ ಭಾವಚಿತ್ರಕ್ಕೆ ಒದಗುತ್ತದೆ.

ನಿಮ್ಮ ತೊಂದರೆಗಾದರೋ ಚೌಕಟ್ಟಿನ ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಸೂಕ್ತ. ಬಿಸಿಲು ಬಿದ್ದ ಗ್ರಾನೈಟ್ ಬಂಡೆ ನಡುಬೂದು ಬಣ್ಣಕ್ಕೆ ಸಾಕಷ್ಟು ಹತ್ತಿರವಿರುವುದರಿಂದ, ಅದರ ಮೇಲೆ ಸ್ಪಾಟ್ ಇಟ್ಟು, ಎಕ್ಸ್‌ಪೋಷರ್ ಲಾಕ್ (ಅಳೆದ ಬೆಳಕಿನ ಲೆಕ್ಕವನ್ನು ಹಾಗೇ ಹಿಡಿದಿಡುವ) ಗುಂಡಿಯನ್ನು ಒತ್ತಿ ಹಿಡಿದು, ಬಳಿಕ ಚೌಕಟ್ಟನ್ನು ಹೊಂದಿಸಿಕೊಳ್ಳಿ. ಬಿಳಿ ಪಂಚೆ ಉಟ್ಟವರ ಬಟ್ಟೆಯ ಮೇಲೆ ಅಳೆದರೆ ಬೆಳಕನ್ನು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ) ಹೆಚ್ಚಿಸಬೇಕು, ಇಲ್ಲವಾದರೆ ಪಂಚೆ ತೊಳೆಯದಂತೆ ಕಾಣುತ್ತದೆ!

ಓಬವ್ವನ ಕಿಂಡಿಯಂಥ ನೆರಳಿನ ಜಾಗದಲ್ಲಿ ನಿಂತವರ ಮುಖಕ್ಕೆ ಅಳೆದರೆ ಹಿಂದಿನ ಬಿಸಿಲು ಬೆಳ್ಳಗೆ ಸುಟ್ಟುಹೋಗುವುದು ಖಚಿತ. ಅಲ್ಲಿ ಮುಖ ಮುಖ್ಯವೋ ಹಿನ್ನೆಲೆ ಮುಖ್ಯವೋ ಎಂಬುದನ್ನು ನೀವೇ ನಿರ್ಧರಿಸಬೇಕು. ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವ, ಕೈಯಲ್ಲಿ ಹಿಡಿಯುವ ಇನ್ಸಿಡೆಂಟ್ ಮೀಟರು ಅದರ ಬಣ್ಣಕ್ಕೆ ಮೋಸಹೋಗುವುದಿಲ್ಲ, ಆದರೆ ಹವ್ಯಾಸಕ್ಕಾಗಿ ಅದನ್ನು ಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯ ಖರ್ಚು. ನಡುಮಧ್ಯಾಹ್ನದ ಬೆಳಕು-ನೆರಳಿನ ಅಂತರ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರಿನ ಶಕ್ತಿಯನ್ನು ಮೀರಿದ್ದರೆ ಯಾವ ವಿಧಾನವೂ ಎರಡನ್ನೂ ಉಳಿಸಲಾರದು; ರಾ ಫೈಲಿನಲ್ಲಿ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸುವ ಕಡತದಲ್ಲಿ) ತೆಗೆದು, ಕಪ್ಪಿನಿಂದ ಬಿಳುಪಿನವರೆಗಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನಕ್ಷೆ ಬಲತುದಿಗೆ ಒತ್ತರಿಸದಂತೆ ನೋಡಿಕೊಳ್ಳಿ.